ಎರಡು ಇಂಚು ಹೆಚ್ಚು

ಭಾನುವಾರ, ಬೆಳಿಗ್ಗೆ

ಚೂಟಿಗೆ,

ಅಮ್ಮನ ಆಶೀರ್ವಾದ. ಮಗುವಿನ ಎರಡೂ ಕೆನ್ನೆಗೆ ಒಂದೊಂದು ಮುತ್ತು ಕೊಡು, ಅಳಿಯಂದಿರನ್ನು ಕೇಳಿದೆನೆಂದು ಹೇಳು. ಫೋನಿದ್ದೂ ಪತ್ರ ಯಾಕೆ ಎಂದು ನೀನು ಹುಬ್ಬು ಗಂಟಿಕ್ಕುತ್ತೀಯೆಂದು ಗೊತ್ತು. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಪತ್ರದಲ್ಲಾದರೆ ನೀನು ನಡುವೆ ಬಾಯಿ ಹಾಕಲಾರೆ.

ನನಗೆಂದು ಸಿದ್ಧ ಮಾಡಿದ ಕೋಣೆಯ ಫೋಟೋ ಬಂತು. ಮಂಚ, ಪಕ್ಕದಲ್ಲಿ ತೊಟ್ಟಿಲು, ಕಿಟಕಿಯ ಅಳತೆ, ಪರದೆ ಹೊಲಿದು ತರಬೇಕೆಂಬ ಆಜ್ಞೆ. ಮುಂದಿನ ತಿಂಗಳು ಶಾಲೆ ತೆರೆಯುತ್ತದೆ, ನೀನು ಪಾಠ ಮಾಡಲು ಹೊರಡುತ್ತೀಯ, ನಾನು ಅಲ್ಲೇ ಇದ್ದು ಮಗು ನೋಡಿಕೊಳ್ಳಬೇಕು. ಎಷ್ಟು ದಿನಕ್ಕೆ ಎಂದು ನಾನು ಕೇಳಿದರೆ ನೀನು ನಕ್ಕುಬಿಟ್ಟೆ. ಆ ನಗುವಿಗೆ ಉತ್ತರ ಬರೆಯಲು ಕೂತಿದ್ದೇನೆ. ಮೊದಲು ಒಂದು ಸುಳ್ಳನ್ನು ಒಪ್ಪಿಕೊಳ್ಳಬೇಕು.

ಒಂದೂವರೆ ವರ್ಷದಿಂದ ನೀನು ಸಂಜೆ ಫೋನ್ ಮಾಡಿದಾಗಲೆಲ್ಲ ನಾನು ‘ವಾಕಿಂಗ್’ನಲ್ಲಿ ಇದ್ದೆನಲ್ಲ, ಒಂದು ದಿನವೂ ಇರಲಿಲ್ಲ. ತರಗತಿಯಲ್ಲಿದ್ದೆ. ನನ್ನ ಹೊಲಿಗೆ ಅಂಗಡಿಯನ್ನು ಪೂರ್ತಿ ಮುಚ್ಚಿದ ಮೇಲೆ ಕೈ ಸುಮ್ಮನಿರಲಿಲ್ಲ. ಬಸ್ ನಿಲ್ದಾಣದ ಎದುರಿನ ಕಟ್ಟಡದಲ್ಲಿ ಒಳಾಂಗಣ ವಿನ್ಯಾಸ ಕಲಿಸುತ್ತಾರೆಂಬ ಫಲಕ ನೋಡಿ, ಕೇಳಿದರೆ ಏನು ಹೋಗುತ್ತದೆ ಎಂದು ಮೆಟ್ಟಿಲು ಹತ್ತಿದೆ. ಮೂರು ಹಂತವಿದೆ. ಮೊದಲನೆಯದರಲ್ಲಿ ಮನೆ. ಎರಡನೆಯದರಲ್ಲಿ ಅಂಗಡಿ, ಕಚೇರಿ, ದವಾಖಾನೆ, ಅಂದರೆ ನಾಲ್ಕು ಜನ ಬಂದು ಹೋಗುವ ಜಾಗ. ಎರಡನೆಯದು ಈಗಷ್ಟೇ ಮುಗಿಯಿತು. ಪಕ್ಕದಲ್ಲಿ ಕೂರುವವರೆಲ್ಲ ನಿನಗಿಂತ ಚಿಕ್ಕವರು. ಅಳತೆಯ ಟೇಪನ್ನು ಅಂಗಡಿಯ ಅಭ್ಯಾಸದಂತೆ ಕುತ್ತಿಗೆಗೆ ಹಾಕಿಕೊಂಡೇ ಹೋದ ಮೊದಲ ದಿನ ‘ಟೇಪಮ್ಮ’ ಎಂದು ಕರೆದರು, ಅದೇ ಉಳಿಯಿತು. ಕಂಪ್ಯೂಟರಿನಲ್ಲಿ ಗೆರೆ ಎಳೆಯುವುದರಲ್ಲಿ ನಾನು ಅವರಿಗಿಂತ ಹಿಂದೆ. ಆದರೆ ಗಿರಾಕಿ ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಎತ್ತ ತಿರುಗುತ್ತಾಳೆ, ಚೀಲ ಎಲ್ಲಿಡುತ್ತಾಳೆ, ಕನ್ನಡಿ ಯಾವ ಬೆಳಕಿನಲ್ಲಿದ್ದರೆ ಮುಖ ಗಂಟಿಕ್ಕುತ್ತಾಳೆ, ಇದನ್ನೆಲ್ಲ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಇಪ್ಪತ್ತೆಂಟು ವರ್ಷ ಅದನ್ನೇ ನೋಡಿದ್ದೇನೆ.

ಎರಡನೇ ಹಂತದ ಕೊನೆಯ ಪರೀಕ್ಷೆ ಕಾಗದದ ಮೇಲಲ್ಲ. ಒಂದು ನಿಜವಾದ ಅಂಗಡಿಯನ್ನು ಬದಲಾಯಿಸಿ ತೋರಿಸಬೇಕು. ಪಾಸಾದರೆ ಮಾತ್ರ ಮೂರನೇ ಹಂತ. ನನ್ನ ಪಾಲಿಗೆ ಬಂದದ್ದು ಕನ್ನಡಕದಂಗಡಿ. ಉದ್ದಕ್ಕೆ ರೈಲಿನ ಡಬ್ಬಿಯಂತಿದೆ, ಹಿಂದೆ ಗೋಡೆಯಿಂದ ಗೋಡೆಗೆ ಒಂದು ಕೌಂಟರು. ಅಂಗಡಿಯಾಕೆ ಒಳಗೆ ಹೋಗಬೇಕಾದರೆ ಅದರ ಒಂದು ತುದಿಯ ಹಲಗೆ ಎತ್ತಿ ಬಗ್ಗಿ ನುಸುಳಬೇಕು. ಸೊಂಟ ಹಿಡಿದುಕೊಂಡು ದಿನಕ್ಕೆ ನಲವತ್ತು ಸಲ ನುಸುಳುತ್ತಾಳೆ, ಆದರೂ ಹೊಸ ಕೌಂಟರು ಹಳೆಯದರ ಹಾಗೇ ಇರಲಿ ಎಂದಳು. ಗಿರಾಕಿ ಕೇಳಿದ್ದನ್ನು ಹೊಲಿದುಕೊಡುವುದೇ ನನಗೆ ರೂಢಿ. ಹಾಗೇ ಅಳತೆ ಬರೆದು ಬಡಗಿಗೆ ಕೊಟ್ಟೆ.

ಬಡಗಿ ಕೌಂಟರು ಹೊತ್ತು ತಂದ ದಿನ ನಮ್ಮ ಮೇಡಂ ಕೂಡ ಅಂಕ ಹಾಕಲು ಬಂದಿದ್ದರು. ಇಳಿಸಿ ತಳ್ಳಿದರೂ ಕೌಂಟರು ಗೋಡೆಗಳ ನಡುವೆ ಕೂರಲಿಲ್ಲ. ಸರಿಯಾಗಿ ಎರಡು ಇಂಚು ಉದ್ದ. ಆ ಎರಡು ಇಂಚು ಎಲ್ಲಿಂದ ಬಂತೆಂದು ನನಗೆ ಆ ಕ್ಷಣವೇ ಹೊಳೆಯಿತು. ಗೋಡೆಯ ಅಳತೆ ಸರಿಯಾಗಿಯೇ ತೆಗೆದಿದ್ದೆ. ಬರೆಯುವಾಗ ಕೈ ತಾನಾಗಿ ಆ ಕಡೆ ಒಂದಿಂಚು, ಈ ಕಡೆ ಒಂದಿಂಚು ಹೊಲಿಗೆಗೆ ಬಿಟ್ಟಿತ್ತು. ರವಿಕೆಯ ಬಗಲಿಗೆ ಮಾರ್ಜಿನ್ ಬಿಡುತ್ತೇವಲ್ಲ, ಹಾಗೆ! ನಗಬೇಡ.

ಬಡಗಿ ಒಳ್ಳೆಯವನು, ನನ್ನ ಮುಖ ನೋಡಿ ಕನಿಕರಪಟ್ಟ. ಗಾರೆಯವನು ಗೋಡೆಗೆ ದಪ್ಪ ಬಳಿದಿದ್ದಾನೆ, ತಪ್ಪು ಅವನದೇ ಎಂದು ಮೇಡಂಗೆ ಹೇಳತೊಡಗಿದ. ಗಾರೆಯವನು ಅಲ್ಲಿರಲಿಲ್ಲ. ಇಲ್ಲದವನ ಮೇಲೆ ಗೂಬೆ ಕೂರಿಸಿ ಕೈ ತೊಳೆದುಕೊಳ್ಳುವುದು ಎಷ್ಟು ಸುಲಭವಿತ್ತು ಗೊತ್ತಾ? ಒಂದು ನಿಮಿಷ ನಾನೂ ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ಅದನ್ನೂ ಬರೆದುಬಿಡುತ್ತೇನೆ, ನಿನ್ನಿಂದ ಇನ್ನೇನು ಮುಚ್ಚಿಡಲಿ. ಆಮೇಲೆ ಹೇಳಿದೆ, “ಗೋಡೆ ಸರಿಯಾಗಿದೆ ಮೇಡಂ. ತಪ್ಪು ನಂದೇ. ಬಟ್ಟೆಗೆ ಬಿಡೋ ಹಾಗೆ ಮರಕ್ಕೂ ಬಿಟ್ಬಿಟ್ಟೆ.”

ಬಡಗಿ ಗರಗಸ ತೆಗೆದು, ಎರಡು ಇಂಚು ತಾನೇ, ಕೊಯ್ದರಾಯಿತು ಎಂದ. ಅವನು ಗುರುತು ಹಾಕುವಾಗ ಅಂಗಡಿಯಾಕೆ, ಓರೆಯಾಗಿ ನಿಂತಿದ್ದ ಹೊಸ ಕೌಂಟರಿನ ಹಲಗೆ ಎತ್ತಿ ಸೊಂಟ ಹಿಡಿದುಕೊಂಡು ಬಗ್ಗಿದಳು. ನನಗೆ ತಡೆಯಲಾಗಲಿಲ್ಲ. ಅವನ ಕೈಯಿಂದ ಪೆನ್ಸಿಲು ಕಿತ್ತುಕೊಂಡು ಎರಡು ಇಂಚಿನ ಬದಲು ಮೂರು ಅಡಿ ಒಳಗೆ ಗೆರೆ ಎಳೆದೆ. ಹಲಗೆಯೂ ಬೇಡ, ನುಸುಳುವುದೂ ಬೇಡ, ನೆಟ್ಟಗೆ ನಡೆದು ಹೋಗಲಿ. ಅಂಗಡಿಯಾಕೆ ಬೇಡವೆಂದಳು, ಗಿರಾಕಿಗಳೂ ಒಳಗೆ ನುಗ್ಗುತ್ತಾರೆಂದು ಹೆದರಿದಳು. ನಾನು ಬಿಟ್ಟೆನೇ? ಬಿಗಿಯಾದ ರವಿಕೆಯನ್ನು ಅಭ್ಯಾಸವಾಗಿದೆ ಎಂದು ಉಸಿರು ಕಟ್ಟಿ ತೊಡುವ ಎಷ್ಟು ಜನರನ್ನು ಸಡಿಲ ಮಾಡಿಸಲು ಒಪ್ಪಿಸಿಲ್ಲ ನಾನು. ಕೊಯ್ದ ಮೇಲೆ ಆಕೆ ಆ ದಾರಿಯಲ್ಲಿ ಒಳಗೆ ಹೊರಗೆ ನಾಲ್ಕು ಸಲ ಓಡಾಡಿದಳು, ಆಮೇಲೆ ಐದನೇ ಸಲವೂ ಓಡಾಡಿದಳು.

ಕೊಯ್ದು ಉಳಿದ ಮೂರಡಿ ತುಂಡಿಗೆ ಕುಳ್ಳ ಕಾಲು ಕೊಡಿಸಿ, ಬೆಳಕು ಬೀಳುವ ಗೋಡೆಯ ಬಳಿ ಇಡಿಸಿದೆ. ಮಕ್ಕಳು ಕೂರುವ ಬೆಂಚು. ಇದು ನಿಮ್ಮ ನಕ್ಷೆಯಲ್ಲಿ ಇರಲಿಲ್ಲವಲ್ಲ ಎಂದು ಮೇಡಂ ಕೇಳಿದರು. ಉತ್ತರ ನಾಲಿಗೆಯ ತುದಿಗೆ ಬಂತು, ಆದರೆ ಅದು ಅವರಿಗೆ ಹೇಳುವಂಥದ್ದಲ್ಲ. ನಿನಗೆ ಹೇಳಬೇಕಾದದ್ದು.

ನಿನ್ನ ಶಾಲೆಯ ಪಕ್ಕದ ಬೀದಿಯಲ್ಲೇ ಶಿಶುವಿಹಾರವಿದ್ದರೂ ನೀನು ಬೇಡವೆಂದೆ. “ನಿನ್ನ ಥರ ಯಾರೂ ನೋಡ್ಕೊಳಲ್ಲ ಅಮ್ಮಾ” ಅಂದೆ. ಆ ಮಾತು ಕೇಳಿ ಹಿಗ್ಗಬೇಕಿತ್ತು, ನನಗೆ ಅಳು ಬಂತು. ನಾನು ನಿನ್ನನ್ನು ಎಲ್ಲಿ ನೋಡಿಕೊಂಡೆ? ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ. ಗಿರಾಕಿಗಳಿಗೆ ಕುರ್ಚಿ ಇತ್ತು, ಮಿಷನ್ನಿಗೆ ಜಾಗ ಇತ್ತು, ನಿನಗೆ ಮಾತ್ರ ಆ ಅಂಗಡಿಯಲ್ಲಿ ಜಾಗ ಇರಲಿಲ್ಲ. ನೀನು ಚಿಂದಿಯ ರಾಶಿಯ ಮೇಲೆ ಕೂತು ಮಗ್ಗಿ ಬರೆದೆ, ನನ್ನ ಕಾಲು ತಾಗಿದರೆ ಸರಿದು ಕೂತೆ. ನಿನಗೆ ಅದು ಚೆಂದದ ನೆನಪು, ಗುಬ್ಬಚ್ಚಿ ಗೂಡೆಂದು ಅಳಿಯಂದಿರಿಗೆ ಹೇಳುತ್ತೀಯ. ನನಗೆ ಹಾಗಲ್ಲ. ಒಂದು ಬೆಂಚು ಹಾಕಿಸಬಹುದು ಎಂಬುದು ಅಷ್ಟು ವರ್ಷ ನನ್ನ ತಲೆಗೇ ಹೊಳೆಯಲಿಲ್ಲವಲ್ಲ ಎಂದು ಆ ದಿನ ಕನ್ನಡಕದಂಗಡಿಯಲ್ಲಿ ನಿಂತು ನನ್ನನ್ನೇ ಬೈದುಕೊಂಡೆ. ಆ ಶಿಶುವಿಹಾರದಲ್ಲಿ ಕಿಟಕಿ ದೊಡ್ಡದಿದೆ, ಮಕ್ಕಳ ಎತ್ತರಕ್ಕೆ ಕುರ್ಚಿಗಳಿವೆ ಎಂದು ನೀನೇ ಹೇಳಿದ್ದೆ. ಅಷ್ಟಿದ್ದರೆ ನನಗಿಂತ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ.

ಆದ್ದರಿಂದ ಸುತ್ತಿ ಬಳಸದೆ ಹೇಳುತ್ತೇನೆ. ಬರುತ್ತೇನೆ, ಎರಡು ತಿಂಗಳು ಇರುತ್ತೇನೆ. ಮಗು ಶಿಶುವಿಹಾರಕ್ಕೆ ಹೊಂದಿಕೊಳ್ಳುವವರೆಗೆ ದಿನವೂ ಜೊತೆಗೆ ಹೋಗಿ ಕೂರುತ್ತೇನೆ. ಆಮೇಲೆ ವಾಪಸು ಬಂದು ಮೂರನೇ ಹಂತ ಓದುತ್ತೇನೆ. ಎರಡನೆಯದರಲ್ಲಿ ಪಾಸಾಗಿದ್ದೇನೆ. ಅಳತೆಗೆ ಹತ್ತಕ್ಕೆ ಎರಡು ಕೊಟ್ಟು, ಬಾಕಿ ಎಲ್ಲದಕ್ಕೂ ಕೈ ತುಂಬ ಕೊಟ್ಟಿದ್ದಾರೆ. ನೀನು ಮುಖ ಊದಿಸುತ್ತೀಯ, ಒಂದು ವಾರ ಫೋನ್ ಮಾಡುವುದಿಲ್ಲ, ಅದೂ ಗೊತ್ತು. ನನಗೂ ಮಗುವನ್ನು ಬಿಟ್ಟಿರುವುದು ಸಂಕಟವೇ. ಆದರೆ ಈ ವಯಸ್ಸಿನಲ್ಲಿ ನಾನು ಇಷ್ಟು ಚೆನ್ನಾಗಿ ಮಾಡಬಲ್ಲ ಕೆಲಸವೊಂದು ಸಿಕ್ಕಿದೆ ಮಗಳೇ, ಅದನ್ನು ಬಿಡಲಾರೆ.

ನೀನು ಫೋಟೋ ಕಳಿಸಿದ ಕೋಣೆಯ ನಕ್ಷೆ ಮಾಡಿ ಇದರೊಂದಿಗೆ ಇಟ್ಟಿದ್ದೇನೆ. ನನ್ನ ಮಂಚ ತೆಗೆದಿದ್ದೇನೆ, ಬಂದಾಗ ಮಡಿಸುವ ಮಂಚ ಸಾಕು. ಕಿಟಕಿಯ ಪಕ್ಕ ನಿನ್ನ ಮೇಜು, ಅದರ ಬಳಿಯೇ ಒಂದು ಕುಳ್ಳ ಬೆಂಚು. ಪರದೆ ಹೊಲಿದು ತರುತ್ತೇನೆ. ಅದಕ್ಕೆ ಮಾರ್ಜಿನ್ ಬಿಡಬಹುದು.

ನಿನ್ನ ಅಮ್ಮ,
ತರಗತಿಯಲ್ಲಿ ಟೇಪಮ್ಮ

ತಾ.ಕ.: ನೀನು ಇದನ್ನು ಓದಿ ‘ಇನ್ನೊಂದ್ಸಲ ಯೋಚ್ನೆ ಮಾಡಮ್ಮಾ’ ಎನ್ನುವ ಮೊದಲೇ ಹೇಳುತ್ತೇನೆ, ಗುರುವಾರವೇ ಹೋಗಿ ಹೆಸರು ಬರೆಸಿ ಬಂದಿದ್ದೇನೆ. ವಾಕಿಂಗಿಗೆಂದು ನೀನು ಕೊಡಿಸಿದ ಬೂಟು ಹಾಕಿಕೊಂಡೇ ಹೋದೆ, ಕನ್ನಡಕದಂಗಡಿಯ ಕೆಲಸಕ್ಕೂ ಅದೇ ಹಾಕಿದ್ದರಿಂದ ಈಗ ಅದರ ತುಂಬ ಗಾರೆ. ಅರ್ಜಿಯಲ್ಲಿ ‘ಪೋಷಕರ ಸಹಿ’ ಎಂಬ ಸಾಲಿತ್ತು. ಅದು ಚಿಕ್ಕವರಿಗೆ, ನೀವು ಖಾಲಿ ಬಿಡಿ ಎಂದರು ಗುಮಾಸ್ತರು. ನಾನು ಬಿಡಲಿಲ್ಲ, ನಿನ್ನ ಹೆಸರು ಬರೆದೆ. ಅರ್ಜಿಯ ಆ ಹಾಳೆಯನ್ನು ಕೇಳಿ ತಂದು ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಹತ್ತು ವರ್ಷ ನಿನ್ನ ಅಂಕಪಟ್ಟಿಗೆ ನಾನು ಸಹಿ ಹಾಕಿದ್ದೇನೆ, ಅರ್ಧಕ್ಕರ್ಧ ಓದದೆಯೇ. ನೀನು ಸಹಿ ಹಾಕಿದರೂ ಹಾಕದಿದ್ದರೂ ಸೀಟು ಸಿಕ್ಕಾಗಿದೆ. ಆದರೂ ಹಾಕಿ ಕಳಿಸು.