ಹುಳು ಓಡಿಸುವ ಉಪಾಯ ಕೇಳಿದವಳಿಗೆ

ಸೋಮವಾರ, ಮಧ್ಯಾಹ್ನ

ನನ್ನನ್ನು ಅಕ್ಕ ಎಂದು ಕರೆದವಳಿಗೆ,

ನಿನ್ನ ಪತ್ರ ಶನಿವಾರ ತಲುಪಿತು. ನಿನ್ನನ್ನು ಏನೆಂದು ಕರೆಯಬೇಕೋ ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ತಂಗಿ ಎಂದು ಬರೆಯಲು ಕೈ ಬರಲಿಲ್ಲ. ಸವತಿ ಎನ್ನೋಣವೆಂದರೆ, ಕೋರ್ಟು ನನಗೂ ಅವರಿಗೂ ಬಿಡುಗಡೆ ಕೊಟ್ಟ ಮೇಲೆ ಆ ಸಂಬಂಧವೂ ಉಳಿದಿಲ್ಲ. ಅಕ್ಕ ಎಂದು ನೀನೇ ಬರೆದಿರುವುದರಿಂದ ನಾನು ನೀನು ಎಂದೇ ಬರೆಯುತ್ತೇನೆ. ನನ್ನನ್ನು ಒಂದು ಮಾತೂ ಕೇಳದೆ ಗಂಡನನ್ನು ತೆಗೆದುಕೊಂಡವಳು, ಹುಳು ಓಡಿಸುವ ಉಪಾಯವನ್ನು ಎಷ್ಟು ವಿನಯದಿಂದ ಕೇಳಿದ್ದೀಯೆ!

ಮೊದಲು ಕೇಳಿದ್ದಕ್ಕೆ ಉತ್ತರ. ಚಿಪ್ಪಿಲ್ಲದ ಬಸವನಹುಳು ಸುಮ್ಮನೆ ಮನೆಯೊಳಗೆ ಬರುವುದಿಲ್ಲ, ತೇವ ಹುಡುಕಿಕೊಂಡು ಬರುತ್ತದೆ. ಅಡುಗೆಮನೆಯ ಸಿಂಕಿನ ಕೆಳಗೆ ಬಗ್ಗಿ ನೋಡು, ಗೋಡೆ ಹಸಿರುಗಟ್ಟಿರುತ್ತದೆ. ಅಲ್ಲಿನ ಪೈಪು ನಾನಿದ್ದಾಗಿನಿಂದ ಸೋರುತ್ತಿದೆ. ಊರವರ ನಲ್ಲಿಗಳನ್ನೆಲ್ಲ ರಿಪೇರಿ ಮಾಡಿ ಹೆಸರು ಗಳಿಸಿದವರಿಗೆ ಸ್ವಂತ ಮನೆಯ ಸೋರಿಕೆ ಏಳು ವರ್ಷವಾದರೂ ಕಣ್ಣಿಗೆ ಬೀಳಲಿಲ್ಲ. ಹೇಳಿದರೆ, ಅದು ಸೋರ್ತಿಲ್ಲ ಕಣೆ, ಗೋಡೆ ಬೆವರ್ತಿದೆ ಅನ್ನುತ್ತಿದ್ದರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಅವರು ಕೆಲಸಕ್ಕೆ ಹೋದಾಗ ಬೇರೆ ಯಾರನ್ನಾದರೂ ಕರೆಸಿ ಸರಿಮಾಡಿಸಿಕೋ.

ಹಿತ್ತಲ ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹೊಡೆಸು. ಪಾತ್ರೆ ತೊಳೆದಾದ ಮೇಲೆ ಸಿಂಕಿನ ತೂತಿಗೆ ಜಾಲರಿ ಮುಚ್ಚು. ಉಪ್ಪು ಸುರಿಯುತ್ತಿದ್ದೇನೆ ಎಂದು ಬರೆದಿದ್ದೀಯೆ, ಅದನ್ನು ನಿಲ್ಲಿಸು. ಹುಳು ನೊರೆ ಕಾರಿಕೊಂಡು ಸಾಯುತ್ತದೆ, ಲೋಳೆ ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಉಜ್ಜುವವಳು ನೀನೇ. ಅಂಗಡಿಯಲ್ಲಿ ಸಿಗುವ ವಿಷದ ಗುಳಿಗೆ ಬೇಡವೇ ಬೇಡ, ಮನೆಯಲ್ಲಿ ಮಗುವಿದೆ. ಕೈಗೆ ಲೋಳೆ ಅಂಟಿದರೆ ತಕ್ಷಣ ನೀರು ಹಾಕಬೇಡ, ಇನ್ನೂ ಜಾಸ್ತಿಯಾಗುತ್ತದೆ. ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಆಮೇಲೆ ತೊಳೆ. ಎಲ್ಲಕ್ಕಿಂತ ಒಳ್ಳೆಯ ಉಪಾಯವೆಂದರೆ ಹಿತ್ತಲಲ್ಲಿ ಒಂದು ಒದ್ದೆ ಹಲಗೆ ಹಾಕಿಡುವುದು. ಬೆಳಗಾಗುವಷ್ಟರಲ್ಲಿ ಹುಳುಗಳೆಲ್ಲ ಅದರಡಿ ಸೇರಿಕೊಂಡಿರುತ್ತವೆ. ಹಳೆಯ ಚಮಚದಲ್ಲಿ ಕೆರೆದು ಸೋಪಿನ ನೀರಿಗೆ ಹಾಕಿದರಾಯಿತು. ಈಗ ನಾನು ಕೆಲಸ ಮಾಡುವ ನರ್ಸರಿಯಲ್ಲಿ ಸಸಿಗಳನ್ನು ಉಳಿಸಿಕೊಳ್ಳುವುದು ಹೀಗೆಯೇ.

ಇಷ್ಟಕ್ಕೆ ಪತ್ರ ಮುಗಿಸಬಹುದಿತ್ತು. ಆದರೆ ನಿನ್ನ ಪತ್ರದ ಕೊನೆಯ ಪುಟ ನನ್ನನ್ನು ಎರಡು ದಿನದಿಂದ ಊಟ ಮಾಡಲು ಬಿಟ್ಟಿಲ್ಲ. ನನ್ನ ಮಗಳ ಮಂಚದ ಕೆಳಗೆ ಒದ್ದೆ ಹಲಗೆ ಸಿಕ್ಕಿತು, ಅದರಡಿ ಎಲೆಕೋಸಿನ ಎಲೆ, ಹನ್ನೊಂದು ಹುಳು. ಅವರು ಅವಳ ಕೆನ್ನೆಗೆ ಬಾರಿಸಿದರು. ಇದು ತಾಯಿಯಿಂದ ಬಂದ ಕೊಳಕು ಬುದ್ಧಿ, ಹಾಸ್ಟೆಲ್ಲಿಗೆ ಹಾಕಿದರೇ ಸರಿಹೋಗುವುದು ಎಂದು ಮುಂದಿನ ತಿಂಗಳಿಂದ ಸೀಟೂ ಗೊತ್ತು ಮಾಡಿದ್ದಾರೆ. ಎಷ್ಟು ಕೇಳಿದರೂ ಅವಳು ಬಾಯಿ ಬಿಡಲಿಲ್ಲ, ಬಹಳ ಹಟಮಾರಿ ಎಂದು ಬರೆದಿದ್ದೀಯೆ. ಅವಳಿಗೆ ಮೊದಲಿನಿಂದಲೂ ಈ ಚಾಳಿ ಇತ್ತೇ ಎಂದೂ ಕೇಳಿದ್ದೀಯೆ.

ಇರಲಿಲ್ಲ. ಆ ಮನೆಯಲ್ಲಿ ನಾನಿದ್ದಾಗ ಬೆಳಿಗ್ಗೆ ಹುಳು ಹೆಕ್ಕುವುದು ನಮ್ಮಿಬ್ಬರ ಕೆಲಸವಾಗಿತ್ತು. ನಾನು ಹಲಗೆ ಎತ್ತುತ್ತಿದ್ದೆ, ಅವಳು ಬಕೆಟ್ ಹಿಡಿದು ನಿಲ್ಲುತ್ತಿದ್ದಳು. ಎಲ್ಲಕ್ಕಿಂತ ದಪ್ಪ ಹುಳು ಸಿಕ್ಕಿದರೆ, ಅಮ್ಮಾ, ಅಪ್ಪ ಸಿಕ್ಕಿದ್ರು ಎಂದು ಕೂಗುವಳು. ಬೈಯಬೇಕಿತ್ತು, ನಾನೂ ನಗುತ್ತಿದ್ದೆ. ದಿನದಲ್ಲಿ ಯಾರ ಸಿಡುಕೂ ಇಲ್ಲದೆ ನಮಗೆ ಸಿಗುತ್ತಿದ್ದದ್ದು ಆ ಅರ್ಧ ಗಂಟೆ ಮಾತ್ರ.

ಪತ್ರದ ಮೊದಲಲ್ಲಿ ಒಂದು ಸುಳ್ಳು ಹೇಳಿದೆ. ಹಾಳೆ ಹರಿದದ್ದು ನಿನ್ನನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಅಲ್ಲ. ಅವೆರಡರಲ್ಲೂ, ಇದೆಲ್ಲ ಮಕ್ಕಳಾಟ, ದೊಡ್ಡದು ಮಾಡಬೇಡಿ ಎಂದು ಬರೆದಿದ್ದೆ. ಓದಿದಾಗ ನನಗೇ ಹೇಸಿಗೆಯಾಯಿತು.

ಕೋರ್ಟು ನನಗೆ ಕೊಟ್ಟಿರುವುದು ಭಾನುವಾರದ ಎರಡು ಗಂಟೆ, ಅದೂ ಪಾರ್ಕಿನಲ್ಲಿ. ಒಂದೂವರೆ ತಿಂಗಳ ಹಿಂದೆ ಅಲ್ಲಿ ಬೆಂಚಿನ ಮೇಲೆ ಕೂತು ಅವಳು, ಚಿಕ್ಕಮ್ಮ ಹುಳ ಕಂಡ್ರೆ ಕುರ್ಚಿ ಹತ್ತಿಬಿಡ್ತಾರೆ ಎಂದಳು. ನನಗೆ ಹೊಟ್ಟೆ ತಣ್ಣಗಾಯಿತು. ಹಾಗಾದ್ರೆ ಹುಳ ಜಾಸ್ತಿ ಆದ್ರೆ ನನ್ನನ್ನೇ ಕರೀಬೇಕಾಗುತ್ತೆ ನೋಡು ಎಂದೆ. ಅವಳು ನಗಲಿಲ್ಲ. ನಿಜವಾಗ್ಲೂ ಕರೀತಾರಾ, ಕರೆದ್ರೆ ನೀನು ಬರ್ತೀಯಾ ಎಂದು ಕೇಳಿದಳು. ಬರ್ತೀನಿ ಎಂದೆ. ಅಲ್ಲಿಗೆ ಸುಮ್ಮನಾಗಬಹುದಿತ್ತು. ಹಲಗೆಯನ್ನು ಎಲ್ಲಿಡಬೇಕು, ಬಚ್ಚಲ ಚೊಂಬಿನಲ್ಲಿ ಹೇಗೆ ನೆನೆಸಬೇಕು, ಯಾವ ಎಲೆ ಇಟ್ಟರೆ ಬೇಗ ಬರುತ್ತವೆ ಎಂದು ಒಂಬತ್ತು ವರ್ಷದ ಮಗುವಿಗೆ ಕೂರಿಸಿಕೊಂಡು ಕಲಿಸಿದೆ. ಯಾರಿಗೂ ಹೇಳಕೂಡದು ಎಂದು ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡೆ. ಅವಳು ಬಾಯಿ ಬಿಡದಿದ್ದದ್ದು ಹಟವಲ್ಲ, ನನ್ನ ಆಣೆ.

ನೀನು ಕಿರುಚುವುದನ್ನು ನೆನೆಸಿಕೊಂಡು ಎಷ್ಟೋ ದಿನ ಒಬ್ಬಳೇ ನಕ್ಕಿದ್ದೇನೆ. ಸಸಿಗಳಿಗೆ ನೀರು ಹಾಕುವಾಗಲೂ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ನೀನು ಕರೆಯುತ್ತೀಯೆ, ನಾನು ಬಿಗುಮಾನದಿಂದ ಬರುತ್ತೇನೆ, ಬೆಳಿಗ್ಗೆ ಅವಳು ಬಕೆಟ್ ಹಿಡಿಯುತ್ತಾಳೆ ಎಂದುಕೊಂಡಿದ್ದೆ. ನೀನು ನನಗಿಂತ ಜಾಣೆ. ನನ್ನನ್ನು ಕರೆಯಲಿಲ್ಲ, ಕಾಗದ ಬರೆದು ಉಪಾಯವನ್ನಷ್ಟೇ ತರಿಸಿಕೊಂಡೆ.

ಈ ಪತ್ರವನ್ನು ಅವರಿಗೆ ತೋರಿಸು. ಒಂದು ಸಾಲನ್ನೂ ಮುಚ್ಚಬೇಡ. ತಪ್ಪು ನನ್ನದೆಂದು ನನ್ನ ಕೈಬರಹದಲ್ಲೇ ಸಿಕ್ಕಿದರೆ ಅವರಿಗೆ ಅದಕ್ಕಿಂತ ಹಬ್ಬವಿಲ್ಲ, ಮಗುವಿನ ಮೇಲಿನ ಸಿಟ್ಟು ನನ್ನ ಕಡೆ ತಿರುಗುತ್ತದೆ. ಅವಳು ಮನೆಯಲ್ಲಿ ಉಳಿಯುತ್ತಾಳೆ. ಮರುದಿನವೇ ಇದನ್ನು ವಕೀಲರ ಕೈಗೆ ಕೊಟ್ಟು ನನ್ನ ಭಾನುವಾರಗಳನ್ನೂ ಕಿತ್ತುಕೊಳ್ಳುತ್ತಾರೆ ಎಂಬುದು ಗೊತ್ತು. ಉಪ್ಪು ತಿಂದವಳು ನೀರು ಕುಡಿಯಲೇಬೇಕು.

ನಾನು ನಿನ್ನನ್ನು ಕ್ಷಮಿಸಿದೆ ಎಂದುಕೊಳ್ಳಬೇಡ. ಅವಳ ಕೆನ್ನೆಯ ಮೇಲೆ ಕೈ ಬೀಳುವಾಗ ನೀನು ಅಲ್ಲೇ ಇದ್ದೆ, ಕೈ ಹಿಡಿಯಲಿಲ್ಲ. ಇನ್ನು ಮುಂದಾದರೂ ಹಿಡಿ.

ಇಂತಿ,
ನಿನಗೆ ಅಕ್ಕನಾಗಲಾರದ,
ಅವಳ ಅಮ್ಮ

ತಾ.ಕ.: ಭಾನುವಾರ ಅಮ್ಮ ಯಾಕೆ ಬರಲಿಲ್ಲ ಎಂದು ಅವಳು ನಿನ್ನನ್ನೇ ಕೇಳುತ್ತಾಳೆ. ಬರಲು ಬಿಡಲಿಲ್ಲ ಎಂದು ಮಾತ್ರ ಹೇಳಬೇಡ, ಹೇಳಿದರೆ ಮತ್ತೆ ಹಲಗೆ ಇಡುತ್ತಾಳೆ. ಅಮ್ಮನಿಗೇ ಬರಲು ಮನಸ್ಸಿಲ್ಲವಂತೆ ಎಂದುಬಿಡು.