ಒಪ್ಪದ್ದನ್ನೂ ಬರೆದಿದ್ದಕ್ಕೆ ಸ್ಮಶಾನಕ್ಕೆ ಬೀಗ

ಸ್ಮಶಾನಕ್ಕೆ ಬೀಗ ಜಡಿಸಿರುವ ಮಾನ್ಯ ಅಧಿಕಾರಿಗಳೇ,

ಹೆಗ್ಗದ್ದೆ ಬಳಿಯ ಎಸ್ಟೇಟಿನ ಕ್ರೈಸ್ತರ ಸ್ಮಶಾನಕ್ಕೆ ನೀವು ಬೀಗ ಹಾಕಿಸಿ ಇಂದಿಗೆ ಹನ್ನೊಂದು ದಿನ. ಫಿಲೋಮಿನಮ್ಮ ತೀರಿಕೊಂಡು ಎರಡು ದಿನ. ಅವರ ದೇಹ ಆಸ್ಪತ್ರೆಯ ಶವಾಗಾರದಲ್ಲಿದೆ. ನಾಳೆ ಬೆಳಿಗ್ಗೆ ತೆಗೆದುಕೊಂಡು ಹೋಗಿ ಎಂದಿದ್ದಾರೆ. ಎಲ್ಲಿಗೆ ಎಂಬುದನ್ನು ತಾವು ಹೇಳಬೇಕು.

"ಕ್ಯಾಥೋಲಿಕ್ ಮತ್ತು ಪ್ರಾಟೆಸ್ಟೆಂಟ್ ಬಣಗಳ ನಡುವೆ ವಿವಾದ ಬಾಕಿ ಇರುವುದರಿಂದ" ಎಂದಿದೆ ನಿಮ್ಮ ನೋಟಿಸು. ಆ ವಿವಾದ ನಿಮಗೆ ಸಿಕ್ಕಿದ್ದು ನನ್ನ ಕೈಬರಹದಲ್ಲಿ. ಅದಕ್ಕೇ ಈ ಪತ್ರ.

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿದವನು. ಇಬ್ಬರಿಗೂ ಸೇರಿದ ಈ ಸ್ಮಶಾನದ ಬೇಲಿ, ಶಿಲುಬೆ, ಯಾರ ಪ್ರಾರ್ಥನೆ ಮೊದಲು ಎಂದು ಎರಡು ಚರ್ಚುಗಳವರು ಜಟಾಪಟಿಗೆ ಬಿದ್ದಾಗ, ಎರಡಕ್ಕೂ ಸೇರದ ಹಿಂದೂ ಮೇಷ್ಟ್ರೇ ಇರಲಿ ಎಂದು ನನ್ನನ್ನು ನಡುವೆ ಕೂರಿಸಿದರು. ಎಸ್ಟೇಟಿನ ಕಾಫಿ ಮೂಟೆ ಇಡುವ ಸ್ಟೋರಿನಲ್ಲಿ ಒಂಬತ್ತು ಭಾನುವಾರ ಮಾತುಕತೆ. ಪ್ರಾಟೆಸ್ಟೆಂಟರ ಕಡೆಗೆ ಎಸ್ಟೇಟಿನಲ್ಲಿ ಲೆಕ್ಕ ಬರೆಯುತ್ತಿದ್ದ ನಿವೃತ್ತ ರೈಟರ್ ಸಮುವೇಲಪ್ಪ. ಎದುರು ಬೆಂಚಿನಲ್ಲಿ ಕ್ಯಾಥೋಲಿಕರ ಕಡೆಗೆ ಅವರ ಹೆಂಡತಿಯೇ, ಈ ಫಿಲೋಮಿನಮ್ಮ! ನಲವತ್ತು ವರ್ಷ ಪ್ರತಿ ಭಾನುವಾರ ಒಟ್ಟಿಗೆ ಮನೆ ಬಿಟ್ಟು, ಕವಲುದಾರಿಯಲ್ಲಿ ತಂತಮ್ಮ ಚರ್ಚಿಗೆ ತಿರುಗಿ, ಮತ್ತೆ ಒಟ್ಟಿಗೆ ಮನೆಗೆ ಬಂದ ದಂಪತಿ ಇವರು. ಶಿಲುಬೆಯ ಮೇಲೆ ಯೇಸುವಿನ ಮೂರ್ತಿ ಬೇಕೋ ಬೇಡವೋ ಎಂಬುದರಲ್ಲೇ ಮೂರು ಭಾನುವಾರ ಕಳೆದವು. ಕೊನೆಗೆ ಫಿಲೋಮಿನಮ್ಮ, "ಒಂದ್ ಮಗ್ಗುಲಿಗೆ ಮೂರ್ತಿ ಇರ್ಲಿ, ಇನ್ನೊಂದ್ ಮಗ್ಗುಲು ಬರೀ ಮರ ಇರ್ಲಿ. ಯಾರ್ಗೆ ಯಾವ್ದ್ ಬೇಕೋ ಆ ಕಡೆ ನಿಂತ್ಕಳಿ ಕಣ್ರೀ" ಎಂದರು. ಗಂಡನಿಗೂ ನಗು ಬಂತು. ಹೀಗೆ ಒಪ್ಪಿದ ಆರು ಅಂಶಗಳಿಗೆ ಎರಡೂ ಕಡೆಯವರ ಸಹಿ ಬಿತ್ತು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಮೇಷ್ಟ್ರ ಚಪಲ ಕೇಳಬೇಕಲ್ಲ! ಏಳನೆಯದನ್ನು ನಾನೇ ಸೇರಿಸಿದೆ: "ರೊಟ್ಟಿ-ದ್ರಾಕ್ಷಾರಸದ ಸಂಸ್ಕಾರ, ಸಂತರು, ಪೋಪರ ಅಧಿಕಾರ, ಈ ವಿಚಾರಗಳಲ್ಲಿ ನಮ್ಮಲ್ಲಿ ಒಮ್ಮತವಿಲ್ಲ." ಒಪ್ಪದ್ದನ್ನೂ ಪ್ರಾಮಾಣಿಕವಾಗಿ ಬರೆದಿಟ್ಟರೆ ಮುಂದೆ ಜಗಳ ಇರುವುದಿಲ್ಲ ಎಂದು ನಂಬಿದ್ದೆ. ದಾಖಲೆಗಿರಲಿ ಎಂದು ನಿಮ್ಮ ಕಚೇರಿಗೂ ಒಂದು ಪ್ರತಿ ಕೊಟ್ಟೆ. ಕಚೇರಿ ಆರನ್ನೂ ಬಿಟ್ಟು ಏಳನೆಯದನ್ನು ಮಾತ್ರ ಓದಿತು.

ಸ್ವಾಮಿ, 1541ರಲ್ಲಿ ಜರ್ಮನಿಯ ರೇಗನ್ಸ್‌ಬರ್ಗಿನಲ್ಲಿ ಚಕ್ರವರ್ತಿಯೇ ಈ ಎರಡು ಪಂಗಡದ ಪಂಡಿತರನ್ನು ಎದುರುಬದುರು ಕೂರಿಸಿದ್ದ. ದೇವರ ಮುಂದೆ ಮನುಷ್ಯ ನೀತಿವಂತನಾಗುವುದು ಹೇಗೆ ಎಂಬಂಥ ದೊಡ್ಡ ಪ್ರಶ್ನೆಗೇ ಒಪ್ಪಂದವಾಯಿತು. ರೊಟ್ಟಿ-ದ್ರಾಕ್ಷಾರಸ ನಿಜಕ್ಕೂ ಯೇಸುವಿನ ದೇಹ-ರಕ್ತವಾಗುತ್ತದೆಯೇ ಎಂಬಲ್ಲಿಗೆ ಬಂದು ಮಾತು ಮುರಿಯಿತು. ಕೂತವರು ಒಪ್ಪಿದ್ದನ್ನೂ, ಅಲ್ಲಿಗೆ ಬಾರದೆ ದೂರದಲ್ಲಿದ್ದ ಎರಡೂ ಕಡೆಯ ದೊಡ್ಡವರು ತಳ್ಳಿಹಾಕಿದರು. ನೀವು ಯಾರ ಸಾಲಿಗೆ ಸೇರುತ್ತೀರಿ, ಯೋಚಿಸಿ. ಯುರೋಪಿನ ಪಂಡಿತರಿಗೆ ಬಗೆಹರಿಯದ್ದನ್ನು ನಮ್ಮ ಎಸ್ಟೇಟಿನ ಲೈನ್‌ಮನೆಗಳ ಕೂಲಿಯವರು ಬಗೆಹರಿಸಿದ ಮೇಲೆಯೇ ಹೆಣ ಹೂಳಬೇಕೇ? ಪೋಪರ ಅಧಿಕಾರ ನಿಮ್ಮ ಯಾವ ಫೈಲಿಗೆ ಬರುತ್ತದೆ?

ನಿನ್ನೆ ಸಮುವೇಲಪ್ಪ ನಮ್ಮ ಮನೆಗೆ ಬಂದಿದ್ದರು. "ಮೇಷ್ಟ್ರೇ, ನಾವ್ ಒಪ್ದೇ ಇರೋದು ದೇವರ್ ವಿಚಾರ್ದಲ್ಲಿ. ಮಣ್ಣಿನ್ ವಿಚಾರ್ದಲ್ಲಿ ತಕರಾರೇ ಇಲ್ವಲ್ಲಾ. ಆ ಏಳ್ನೇದ್ ಯಾಕ್ ಬರುದ್ರಿ?" ಎಂದರು. ತಲೆ ಎತ್ತಲಾರದಷ್ಟು ನಾಚಿಕೆಯಾಯಿತು.

ನಾಳೆ ಹತ್ತು ಗಂಟೆಗೆ ಫಿಲೋಮಿನಮ್ಮನನ್ನು ಸ್ಮಶಾನದ ಗೇಟಿಗೆ ತರುತ್ತೇವೆ. ಎರಡೂ ಚರ್ಚಿನವರು ಹೆಗಲು ಕೊಡುತ್ತಾರೆ. ಬೀಗದ ಕೈ ಹಿಡಿದು ಬನ್ನಿ. ತೆಗೆಯುವುದಿಲ್ಲ ಎನ್ನುವುದಾದರೂ ಬನ್ನಿ. ಹೆಂಡತಿಯ ಪೆಟ್ಟಿಗೆಯ ಪಕ್ಕ ನಿಂತಿರುವ ಸಮುವೇಲಪ್ಪನವರಿಗೆ, "ನಿಮಗೂ ಈಕೆಗೂ ವಿವಾದವಿದೆ" ಎಂದು ನೀವೇ ಬಾಯಿಬಿಟ್ಟು ಹೇಳಿ.

ಇಂತಿ,
ಏಳನೆಯ ಅಂಶ ಬರೆದ ತಪ್ಪಿತಸ್ಥ
ನಟರಾಜ್, ನಿವೃತ್ತ ಮೇಷ್ಟ್ರು, ಹೆಗ್ಗದ್ದೆ