ನೂರು ಲೀಟರಿನ ಕೆಳಗೆ

ಬೂದಗಟ್ಟೆದೊಡ್ಡಿ, ಮದ್ದೂರು ತಾಲ್ಲೂಕು
೯ ಜೂನ್ ೨೦೨೫

ಪ್ರೀತಿಯ ಅವ್ವಾ,

ಮಂಡ್ಯದಲ್ಲಿ ನೀನು, ಸೌಮ್ಯಕ್ಕ, ಮಗು ಹೇಗಿದ್ದೀರಿ? ಅಕ್ಕನ ಹೊಲಿಗೆ ಮಾಗಿತೇ? ಬಾಣಂತನಕ್ಕೆಂದು ಹೋಗಿ ಆ ಮೂರು ಮಹಡಿ ಹತ್ತಿ ಇಳಿದು ನಿನ್ನ ಮಂಡಿನೋವು ಹೆಚ್ಚಾಗಿರಬೇಕು. ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ. ಹಸು ಚೆನ್ನಾಗಿದೆ. ಎರಡು ಹೊತ್ತೂ ನಾನೇ ಕರೆಯುತ್ತೇನೆ, ಒದೆಯುವುದನ್ನು ಬಿಟ್ಟಿದೆ. ಮುಂದಿನದನ್ನು ಫೋನಿನಲ್ಲಿ ಹೇಳಿದರೆ ನಾನು ಕೂಗಾಡುತ್ತೇನೆ, ನೀನು ಅಳುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹೋದ ಮಾರನೆಯ ವಾರ ಡೇರಿಯಲ್ಲಿ ಹಾಲು ತಣ್ಣಗಿಡುವ ಕೂಲರ್ ಶುರುವಾಯಿತು. ಸಾವಿರ ಲೀಟರಿನ ಸ್ಟೀಲ್ ಟ್ಯಾಂಕು. ತಾತ ದೊಡ್ಡಸಿದ್ದಯ್ಯ ಹಾಲಿನ ಮಡಕೆಯನ್ನು ಒದ್ದೆ ಮರಳಿನಲ್ಲಿ ಹೂತು ಮೇಲೆ ಗೋಣಿ ಹೊದಿಸುತ್ತಿದ್ದರೆಂದು ನೀನೇ ಹೇಳುತ್ತಿದ್ದೆ. ಅಪ್ಪ ಬದುಕಿದ್ದಾಗ ಕ್ಯಾನನ್ನು ನಾಲೆ ನೀರಿಗೆ ಇಳಿಬಿಟ್ಟು ಲಾರಿ ಕಾಯುತ್ತಿದ್ದದ್ದು, ಲಾರಿ ತಡವಾದ ದಿನ ಹಾಲು ಒಡೆದು ವಾಪಸು ಬರುತ್ತಿದ್ದದ್ದು ನನಗೇ ನೆನಪಿದೆ. ಇಷ್ಟೆಲ್ಲ ಬದಲಾದರೂ ನಮ್ಮ ಕೇರಿಯ ಹಾಲಿಗೆ ಕೆಂಪು ಪಟ್ಟಿ ಬಳಿದ ಬೇರೆ ಕ್ಯಾನು ಮಾತ್ರ ಬದಲಾಗಲಿಲ್ಲ. ಟ್ಯಾಂಕು ಒಂದೇ ಇರುವುದರಿಂದ ಆ ಕ್ಯಾನು ಇನ್ನು ಗುಜರಿಗೆ ಎಂದು ನಂಬಿದೆ. ಮೊದಲ ದಿನವೇ ಅಸ್ಪೃಶ್ಯತೆ ತಡೆ ಕಾನೂನಿನ ಕಿರುಹೊತ್ತಿಗೆ ಹಿಡಿದು ಡೇರಿ ಕಾರ್ಯದರ್ಶಿ ಚಲುವರಾಜು ಮುಂದೆ ನಿಂತೆ. ಆತ ಬೆವರು ಒರೆಸಿಕೊಂಡು ನಮ್ಮ ಹನ್ನೊಂದು ಮನೆಯ ಹಾಲನ್ನೂ ಟ್ಯಾಂಕಿಗೇ ಸುರಿದ.

ಒಂದೇ ವಾರ. ಮೇಲಿನ ಬೀದಿಯವರೆಲ್ಲ ಬಸ್ ಸ್ಟಾಪಿಗೆ ಬರುವ ಖಾಸಗಿ ವ್ಯಾನಿಗೆ ಹಾಲು ಹಾಕತೊಡಗಿದರು. ಆ ಬೀದಿಯ ಮಂಗಳಮ್ಮನನ್ನು ಕೇಳಿದ್ದಕ್ಕೆ, ‘ನಿಮ್ಮಾಲು ಬ್ಯಾಡ ಅಂದವ್ರ್ಯಾರ್ಲಾ? ನಿಮ್ ಕ್ಯಾನು ನಿಮ್ಗೆ, ನಮ್ ಕ್ಯಾನು ನಮ್ಗೆ. ಎಲ್ಲಾನೂ ಒಂದ್ರಲ್ಲೇ ಉಯ್ಯದ್ಯಾಕೆ?’ ಎಂದಳು. ಮದ್ದೂರಿನ ಹೋಟೆಲಿನಲ್ಲಿ ಯಾರ ಹಸುವಿನ ಹಾಲೆಂದು ವಿಚಾರಿಸಿ ಕಾಫಿ ಕುಡಿಯುತ್ತಾರೆಯೇ ಅವ್ವ?

ನಮ್ಮದು ಒಟ್ಟು ಅರವತ್ತು ಲೀಟರು. ನೂರಾದರೂ ಇಲ್ಲದಿದ್ದರೆ ಕಲಕುವ ರೆಕ್ಕೆ ಹಾಲಿಗೆ ತಾಗುವುದಿಲ್ಲ, ಯಂತ್ರ ಹಾಕಬೇಡಿ ಎಂದು ಮೆಕ್ಯಾನಿಕ್ ಹೇಳಿದ್ದ. ಇದೂ ಒಂದು ನೆಪವೆಂದುಕೊಂಡು ಹಟಮಾಡಿ ಸ್ವಿಚ್ ಹಾಕಿಸಿದೆ. ಬೆಳಿಗ್ಗೆ ನೋಡಿದರೆ ಹಾಲು ಮಂಜುಗಡ್ಡೆಯಾಗಿ ತಳಕ್ಕೆ ಕಚ್ಚಿಕೊಂಡಿತ್ತು. ಹಾಲು ಒಯ್ಯಲು ಬಂದ ಟ್ಯಾಂಕರಿನವನು ಮುಟ್ಟಲಿಲ್ಲ. ಎಲ್ಲ ಚರಂಡಿಗೆ ಹೋಯಿತು. ಪಕ್ಕದ ಮನೆಯ ಮಂಚಮ್ಮಜ್ಜಿ ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತು, ‘ನಿನ್ ಪುಸ್ತಕದಲ್ಲಿ ಇದ್ನೂ ಬರ್ದವ್ರೇನ್ಲಾ ರಾಜೇಂದ್ರ?’ ಎಂದಳು.

ಈಗ ಚಲುವರಾಜು ಒಂದು ಕಾಗದ ತಂದಿದ್ದಾನೆ: ‘ನಮ್ಮ ಹಾಲನ್ನು ಪ್ರತ್ಯೇಕ ಕ್ಯಾನಿನಲ್ಲೇ ಇಡಬೇಕೆಂದು ನಾವೇ ಕೋರುತ್ತೇವೆ.’ ಹನ್ನೊಂದು ಮನೆಯವರೂ ಸಹಿ ಮಾಡಿದರೆ ಮೇಲಿನ ಬೀದಿಯವರು ಮರಳುತ್ತಾರಂತೆ. ಅಲ್ಲಿಯವರೆಗೆ ಡೇರಿ ಬಾಗಿಲು ತೆಗೆಯುವುದಿಲ್ಲ. ನಮ್ಮ ಕ್ಯಾನಿಗೆ ಕೂಲರ್ ಇಲ್ಲ, ನೀರಿನ ತೊಟ್ಟಿಯಲ್ಲಿ ಇಡುತ್ತಾರೆ. ಟ್ಯಾಂಕರಿನೊಳಗೆ ಹೇಗೂ ಎರಡೂ ಬೆರೆಯುತ್ತವೆ. ಊರಿನ ಕಣ್ಣೆದುರು ಬೆರೆಯಬಾರದು, ಅಷ್ಟೆ. ಹತ್ತು ಸಹಿ ಬಿದ್ದಿವೆ. ಸದಸ್ಯತ್ವ ನಿನ್ನ ಹೆಸರಿನಲ್ಲಿರುವುದರಿಂದ ಉಳಿದದ್ದು ನಿನ್ನದು. ಯಾರು ಬಂದು ಕೇಳಿದರೂ ಹಾಕಬೇಡ. ಇಡೀ ಕೇರಿ ಬಗ್ಗಿದರೂ ಒಂದು ಮನೆ ನೆಟ್ಟಗಿರಬೇಕು.

ಸೌಮ್ಯಕ್ಕನನ್ನು ಕೇಳಿದೆನೆಂದು ಹೇಳು. ಮಗುವಿಗೆ ಮುತ್ತು, ನಿನ್ನ ಕಾಲಿಗೆ ನಮಸ್ಕಾರ. ಜೈ ಭೀಮ್.

ನಿನ್ನ ಮಗ,
ರಾಜೇಂದ್ರ

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ಮಂಚಮ್ಮಜ್ಜಿ ಬಂದಳು. ಮೂರು ದಿನದ ಹಾಲು ಅವಳ ಮನೆಯಲ್ಲೇ ಒಡೆದಿದೆ. ‘ನಿಮ್ಮವ್ವ ಇದ್ದಿದ್ರೆ ನಮ್ಮೊಟ್ಟೆ ನೋಡ್ತಿದ್ಲು ಕಣಪ್ಪ’ ಎಂದು ಆ ಕಾಗದವನ್ನು ಮುಂದಿಟ್ಟಳು. ನಿನ್ನ ಸಹಿ ನಾನೇ ಹಾಕಿದೆ ಅವ್ವ. ಯಾರಿಗೂ ಅನುಮಾನ ಬಾರದಷ್ಟು ನಿನ್ನದರಂತೆಯೇ ಬಂತು. ಇದನ್ನು ಸೌಮ್ಯಕ್ಕನಿಗೆ ಓದಿ ಹೇಳಬೇಡ. ನನ್ನ ತಮ್ಮ ಯಾರಿಗೂ ಹೆದರುವವನಲ್ಲ ಎಂದು ಅವಳು ಆಸ್ಪತ್ರೆಯ ನರ್ಸುಗಳಿಗೆಲ್ಲ ಹೇಳಿಕೊಂಡಿದ್ದಾಳಂತೆ.